ಮೊದಲು ಕೊಂಡ ನಿವೇಶನ: ಕಾಫಿ ಉದ್ಯಮಿ ಸಿದ್ಧಾರ್ಥ ಹೆಗ್ಡೆಯವರ ಬಾಳು ಹೇಳುವ ಪಾಠ

ಪುಷ್ಯಮಾಸದ ಬೆಳಗಿನಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಕಡೆ ಹೋದವರಿಗೆ, ಮಂಜು ಕರಗಿ ಬಿಸಿಲು ಏರುವ ಹೊತ್ತಿಗೆ, ತೋಟದ ಮನೆಗಳ ಕಣಗಳಲ್ಲಿ ಹರಡಿದ ಕಾಫಿಹಣ್ಣು ಕಣ್ಣಿಗೆ ಬೀಳುತ್ತದೆ. ಮೊದಲ ದಿನ ಕೆಂಪು, ನಾಲ್ಕು ದಿನಕ್ಕೆ ಕಂದು, ಹದಿನೈದು ದಿನ ಕಳೆದರೆ ಕಪ್ಪು. 1904ರಲ್ಲಿ ಕುವೆಂಪು ಅವರು ಹುಟ್ಟಿದ ಊರೆಂದು ಹಿರೇಕೊಡಿಗೆಯ ಹೆಸರನ್ನು ಕನ್ನಡಿಗರು ಬಲ್ಲರು. ಕವಿಯ ಊರನ್ನು ನೋಡಲು ಬರುವ ಪಟ್ಟಣಿಗರು ಆ ಕಣಗಳ ಮುಂದೆ ನಿಂತು, ಕಾಫಿ ಬೆಳೆಗಾರರೆಂದರೆ ಪುಣ್ಯವಂತರು, ಅಂಗಳದಲ್ಲಿಯೇ ಹೊನ್ನನ್ನು ಒಣಗಿಸುತ್ತಾರೆ ಎಂದು ನಿಟ್ಟುಸಿರು ಬಿಟ್ಟು ಮುಂದೆ ಸಾಗುವುದುಂಟು.

ಆದರೆ ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಇನ್ನೊಂದು ಮಾತು ಗೊತ್ತು. ಕಣದಲ್ಲಿ ಒಣಗುವ ಹಣ್ಣು ದಾರಿಹೋಕರಿಗೆಲ್ಲ ಕಾಣುತ್ತದೆ. ಅದರ ಮೇಲೆ ಎತ್ತಿದ ಸಾಲ ಮನೆಯವರಿಗೂ ಕಾಣುವುದಿಲ್ಲ. ಬೆಳೆಗಾರನಿಗೆ ಆದಾಯ ವರ್ಷಕ್ಕೊಂದು ಸಲ, ಖರ್ಚು ಹನ್ನೆರಡು ತಿಂಗಳೂ. ಹೂಮಳೆ ಬಾರದಿದ್ದರೆ ಒಂದು ಚಿಂತೆ, ಹಣ್ಣು ಕೊಯ್ಯುವಾಗ ಮಳೆ ಬಂದರೆ ಇನ್ನೊಂದು ಚಿಂತೆ. ನಡುವೆ ಗೊಬ್ಬರಕ್ಕೆ, ಆಳುಗಳ ಬಟವಾಡೆಗೆ, ಮಗಳ ಮದುವೆಗೆ, ಮಗನ ಓದಿಗೆ ಬ್ಯಾಂಕು, ಸೊಸೈಟಿ, ಮಂಡಿ ಎಂದು ಯಜಮಾನನು ಓಡಾಡುತ್ತಾನೆ. ಎಷ್ಟು ತಂದನು, ಯಾವುದನ್ನು ಒತ್ತೆಯಿಟ್ಟನು ಎಂಬುದನ್ನು ಅವನು ಹೇಳುವುದಿಲ್ಲ, ಮನೆಯವರು ಕೇಳುವುದಿಲ್ಲ. ಅದೊಂದು ಮರ್ಯಾದೆಯ ಪ್ರಶ್ನೆಯೆಂದು ಎಲ್ಲರೂ ಭಾವಿಸಿರುತ್ತಾರೆ.

ಇದೇ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಗಾರರ ಮಗನೊಬ್ಬನು ಭಾರತದಲ್ಲಿ ಕಾಫಿ ಕುಡಿಯುವ ರೀತಿಯನ್ನೇ ಬದಲಾಯಿಸಿದನು. ಸಾವಿರಾರು ಮಂದಿಗೆ ಅನ್ನ ಕೊಟ್ಟನು. ಕೊನೆಗೆ ತನ್ನ ಸಾಲದ ಭಾರವನ್ನು ಒಬ್ಬನೇ ಹೊತ್ತು ಅರುವತ್ತು ತುಂಬುವ ಮೊದಲೇ ಕಣ್ಮರೆಯಾದನು. ಕೆಫೆ ಕಾಫಿ ಡೇ ಸಂಸ್ಥೆಯ ಸ್ಥಾಪಕ ವಿ. ಜಿ. ಸಿದ್ಧಾರ್ಥ ಹೆಗ್ಡೆಯವರ ಬಾಳಿನಲ್ಲಿ ಸಾಹಸದ ಪಾಠವೂ ಉಂಟು, ಎಚ್ಚರಿಕೆಯ ಪಾಠವೂ ಉಂಟು. ಎರಡನ್ನೂ ಜೊತೆಯಾಗಿ ಓದಿಕೊಂಡರೆ ಮಾತ್ರ ಆ ಹಿರಿಯ ಉದ್ಯಮಿಗೆ ನಾವು ನ್ಯಾಯ ಸಲ್ಲಿಸಿದಂತಾಗುತ್ತದೆ.

ತಂದೆ ಕೊಟ್ಟ ಹಣ

ಸಿದ್ಧಾರ್ಥರು ಹುಟ್ಟಿದ್ದು 1959ರ ಆಗಸ್ಟ್ ತಿಂಗಳಿನಲ್ಲಿ. ತಂದೆ ಗಂಗಯ್ಯ ಹೆಗ್ಡೆಯವರದು ಹಲವು ತಲೆಮಾರುಗಳಿಂದ ಕಾಫಿ ಬೆಳೆದ ಅನುಕೂಲಸ್ಥ ಮನೆತನ. ಮಗನು ಮಂಗಳೂರಿನ ಸಂತ ಅಲೋಷಿಯಸ್ ಕಾಲೇಜಿನಲ್ಲಿ ಓದಿ, ಮಂಗಳೂರು ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದನು. ಕಾಲೇಜಿನ ದಿನಗಳಲ್ಲಿ ಕಾರ್ಲ್ ಮಾರ್ಕ್ಸ್‌ನ ವಿಚಾರಗಳು ತಮ್ಮನ್ನು ಸೆಳೆದಿದ್ದುವೆಂದು ಮುಂದೆ ಅವರೇ ಹೇಳಿಕೊಂಡಿದ್ದರು. ಓದು ಮುಗಿಸಿ ಊರಿಗೆ ಬಂದು ತೋಟ ನೋಡಿಕೊಂಡಿದ್ದರೆ ಬದುಕಿಗೆ ಯಾವ ಕೊರತೆಯೂ ಇರುತ್ತಿರಲಿಲ್ಲ. ಯುವಕನ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಇಪ್ಪತ್ತನಾಲ್ಕರ ಹರೆಯದಲ್ಲಿ ಅವರು ಮುಂಬಯಿಗೆ ಹೋದರು. ಷೇರು ವ್ಯವಹಾರದಲ್ಲಿ ಹೆಸರಾಗಿದ್ದ ಮಹೇಂದ್ರ ಕಂಪಾನಿಯವರನ್ನು ಕಾಣಬೇಕೆಂಬುದು ಅವರ ಆಸೆ. ಮುಂಚಿತವಾಗಿ ಪತ್ರ ಬರೆದಿರಲಿಲ್ಲ, ಪರಿಚಯದವರ ಶಿಫಾರಸೂ ಇರಲಿಲ್ಲ. ಲಿಫ್ಟಿನಲ್ಲಿ ಹೋಗಿ ಅಭ್ಯಾಸವಿಲ್ಲದ ಈ ಮಲೆನಾಡಿನ ಹುಡುಗನು ಅದಕ್ಕೆ ಅಂಜಿ ಮೆಟ್ಟಿಲು ಹತ್ತಿಕೊಂಡೇ ಕಚೇರಿ ತಲುಪಿದನೆಂಬ ಕತೆಯುಂಟು. ಅಲ್ಲಿ ಕೆಲಸ ಸಿಕ್ಕಿತು. ಸುಮಾರು ಎರಡು ವರ್ಷ ಆ ವ್ಯವಹಾರದ ಒಳಹೊರಗನ್ನು ಕಲಿತು ಅವರು ಬೆಂಗಳೂರಿಗೆ ಹಿಂದಿರುಗಿದರು.

ಇನ್ನು ಸ್ವಂತ ವ್ಯವಹಾರ ಮಾಡುವೆನೆಂದು ಮಗನು ತಂದೆಯ ಮುಂದೆ ನಿಂತಾಗ ಗಂಗಯ್ಯ ಹೆಗ್ಡೆಯವರು ಕೊಟ್ಟದ್ದು ಏಳೂವರೆ ಲಕ್ಷ ರೂಪಾಯಿ. 1980ರ ದಶಕದಲ್ಲಿ ಅದು ಸಣ್ಣ ಮೊತ್ತವಲ್ಲ. ಜೊತೆಗೆ ಒಂದು ಮಾತನ್ನೂ ಕೊಟ್ಟರು: ಹಣ ಕಳೆದುಹೋದರೆ ಸಂಕೋಚಪಡದೆ ಮನೆಗೆ ಹಿಂದಿರುಗಬಹುದು.

ಆ ಹಣದಿಂದ ಮಗನು ಮೊದಲು ಮಾಡಿದ ಕೆಲಸವನ್ನು ವಾಚಕರು ಮರೆಯದೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಐದು ಲಕ್ಷ ರೂಪಾಯಿ ಕೊಟ್ಟು ಬೆಂಗಳೂರಿನಲ್ಲಿ ಒಂದು ನಿವೇಶನವನ್ನು ಕೊಂಡನು. ವ್ಯವಹಾರದಲ್ಲಿ ಕೈ ಸುಟ್ಟುಕೊಂಡರೆ ಆ ನಿವೇಶನವನ್ನು ಮಾರಿ ತಂದೆಯ ಹಣವನ್ನು ತಂದೆಗೆ ಒಪ್ಪಿಸಬಹುದೆಂಬುದು ಅವನ ಲೆಕ್ಕಾಚಾರ. ಉಳಿದ ಹಣದಲ್ಲಿ ಷೇರುಪೇಟೆಯ ಕಾರ್ಡು ಹೊಂದಿದ್ದ ಶಿವನ್ ಸೆಕ್ಯುರಿಟೀಸ್ ಎಂಬ ಚಿಕ್ಕ ಸಂಸ್ಥೆಯನ್ನು ಕೊಂಡು ವ್ಯವಹಾರ ಹೂಡಿದನು. ಮುಂದೆ ಅದೇ ಸಂಸ್ಥೆಯು ವೇ ಟು ವೆಲ್ತ್ ಎಂಬ ಹೆಸರನ್ನು ಪಡೆಯಿತು.

ಮೂರರಲ್ಲಿ ಎರಡು ಪಾಲನ್ನು ಭದ್ರವಾಗಿರಿಸಿ ಒಂದು ಪಾಲಿನಿಂದ ಸಾಹಸಕ್ಕೆ ಇಳಿದ ಈ ವಿವೇಕ ಇಪ್ಪತ್ತೈದರ ಆಸುಪಾಸಿನ ಯುವಕನದು! ಸಾಹಸವೆಂದರೆ ಇದ್ದುದನ್ನೆಲ್ಲ ಒಂದೇ ಸಲ ಪಣಕ್ಕೊಡ್ಡುವುದು ಎಂದು ತಿಳಿದವರು ಅನೇಕರು. ಧರ್ಮರಾಯನೂ ಹಾಗೆಯೇ ತಿಳಿದಿದ್ದನು. ಸಿದ್ಧಾರ್ಥರು ವ್ಯವಹಾರಕ್ಕೆ ಕಾಲಿಟ್ಟಾಗ ಹಿಂದಿರುಗುವ ದಾರಿಯನ್ನು ತೆರೆದಿಟ್ಟೇ ಮುಂದಕ್ಕೆ ಹೆಜ್ಜೆಯಿಟ್ಟರು.

ಮಂಡಳಿಯ ಹಂಗು ಹರಿದಾಗ

ಷೇರುಪೇಟೆಯಲ್ಲಿ ಗಳಿಸಿದ್ದನ್ನು ಸಿದ್ಧಾರ್ಥರು ಕಾಫಿ ತೋಟಗಳನ್ನು ಕೊಳ್ಳಲು ವಿನಿಯೋಗಿಸುತ್ತ ಬಂದರು. ಆ ಕಾಲದ ಕಾಫಿ ವ್ಯಾಪಾರದ ಸ್ವರೂಪವನ್ನು ಅರಿಯದೆ ಅವರ ಮುಂದಿನ ಹೆಜ್ಜೆಯ ಬೆಲೆ ತಿಳಿಯುವುದಿಲ್ಲ.

ಬಾಬಾ ಬುಡನ್ ಎಂಬ ಸಂತರು ಅರಬ್ಬೀ ನಾಡಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ನಮ್ಮಲ್ಲಿ ಮನೆಮಾತು. ಗಿಡ ಬೆಳೆಸುವ ವಿದ್ಯೆಯಲ್ಲಿ ಈ ಸೀಮೆಯವರು ಯಾರಿಗೂ ಕಡಮೆಯಲ್ಲ. ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ 1925ರಲ್ಲಿಯೇ ಮೈಸೂರು ಸರ್ಕಾರ ಕಾಫಿ ಪ್ರಯೋಗಕೇಂದ್ರವನ್ನು ತೆರೆಯಿತು. ಅದೇ ಇಂದಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ. ಅಲ್ಲಿ ಸಿದ್ಧವಾದ ಅರೇಬಿಕಾ ತಳಿಗಳು ನಾಡಿನ ತೋಟಗಳಲ್ಲೆಲ್ಲ ಬೇರೂರಿವೆ. ಬೆಳೆಯುವುದು ಚೆನ್ನಾಗಿ ಗೊತ್ತಿತ್ತು. ಮಾರುವ ಹೊಣೆ ಮಾತ್ರ ಬೆಳೆಗಾರನದಾಗಿರಲಿಲ್ಲ.

ಎರಡನೆಯ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರರು ಕಂಗೆಟ್ಟಾಗ, 1942ರ ಕಾಫಿ ಕಾಯಿದೆಯು ಅವರನ್ನು ಕಾಪಾಡಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು. ಮಂಡಳಿಯು ಹರಾಜು ಹಾಕಿ, ಬಂದ ಹಣವನ್ನು ಕಂತುಕಂತಾಗಿ ಬೆಳೆಗಾರರಿಗೆ ಹಂಚುತ್ತದೆ. ಆಪತ್ಕಾಲದಲ್ಲಿ ಈ ಏರ್ಪಾಡು ಆಸರೆಯಾಯಿತು. ಕಾಲ ಬದಲಾದಂತೆ ಅದೇ ಕಟ್ಟುಪಾಡೂ ಆಯಿತು. ತನ್ನ ಕಾಫಿಯನ್ನು ಯಾರು ಕುಡಿದರು, ಎಷ್ಟು ಕೊಟ್ಟು ಕುಡಿದರು ಎಂಬುದು ಬೆಳೆದವನಿಗೆ ತಿಳಿಯುತ್ತಿರಲಿಲ್ಲ. ಕೊನೆಯ ಕಂತಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು ಜಗತ್ತಿನಲ್ಲಿಯೇ ಕಾಫಿಯ ಧಾರಣೆ ಕುಸಿಯಿತು.

1992ರಿಂದ ಸರ್ಕಾರವು ಪೂಲಿನ ಕಟ್ಟನ್ನು ಹಂತಹಂತವಾಗಿ ಸಡಿಲಿಸುತ್ತ ಬಂದು, 1996ರ ವೇಳೆಗೆ ಬೆಳೆಗಾರನಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟಿತು. ಸ್ವಾತಂತ್ರ್ಯವೆಂದಾಗ ಹಲವರಿಗೆ ಭಯವಾಯಿತು. ಸಿದ್ಧಾರ್ಥರು ಮಾತ್ರ 1993ರಲ್ಲಿಯೇ ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪನಿಯನ್ನು ಕಟ್ಟಿ ಬೆಳೆಗಾರರಿಂದ ಕಾಫಿ ಕೊಂಡು ಹೊರದೇಶಗಳಿಗೆ ಕಳುಹಿಸತೊಡಗಿದರು. ಮರುವರ್ಷ ಬ್ರೆಜಿಲ್ ದೇಶದ ತೋಟಗಳಿಗೆ ಹಿಮದ ಪೆಟ್ಟು ತಗಲಿ ಜಗತ್ತಿನ ಕಾಫಿ ಧಾರಣೆ ಒಮ್ಮೆಲೇ ಮೇಲೇರಿತು. ಅದೃಷ್ಟ ಒಲಿಯಿತೆಂದು ಜನರು ಹೇಳಿದರು. ನಿಜ, ಆದರೆ ಮಳೆ ಬರುವ ಮೊದಲೇ ಹೊಲ ಉತ್ತವನಿಗೆ ಮಾತ್ರ ಮಳೆಯ ಫಲ ದೊರೆಯುತ್ತದೆ. ಕೆಲವೇ ವರ್ಷಗಳಲ್ಲಿ ಅವರ ಸಂಸ್ಥೆ ದೇಶದ ದೊಡ್ಡ ಕಾಫಿ ರಫ್ತುದಾರರ ಸಾಲಿನಲ್ಲಿ ನಿಂತಿತು.

ಬ್ರಿಗೇಡ್ ರಸ್ತೆಯ ಅಂಗಡಿ

ಬೀಜವನ್ನು ಮೂಟೆಯಲ್ಲಿ ತುಂಬಿ ಮಾರಿದರೆ ಬೆಳೆಗಾರನಿಗೆ ಸಿಗುವುದು ಒಂದು ಬೆಲೆ. ಅದನ್ನೇ ಹುರಿದು, ಪುಡಿಮಾಡಿ, ಬಟ್ಟಲಿನಲ್ಲಿ ಬೆರೆಸಿಕೊಟ್ಟರೆ ಅದರ ಬೆಲೆ ಹಲವು ಮಡಿ. ನಡುವಿನ ಲಾಭವೆಲ್ಲ ಪರದೇಶದ ವರ್ತಕರ ಪಾಲಾಗುವುದನ್ನು ಸಿದ್ಧಾರ್ಥರು ಕಂಡಿದ್ದರು. ಬಟ್ಟಲಿನವರೆಗೂ ತಾವೇ ಹೋಗಬೇಕೆಂದು ಅವರು ನಿಶ್ಚಯಿಸಿದರು.

1996ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು. ನಿಂತುಕೊಂಡೇ ಕುಡಿಯುವ ದರ್ಶಿನಿಗಳಲ್ಲಿ ಕೆಲವೇ ರೂಪಾಯಿಗೆ ಒಳ್ಳೆಯ ಕಾಫಿ ಸಿಗುವ ಊರು ಅದು. ಅಲ್ಲಿ ಹಲವು ಪಟ್ಟು ಹೆಚ್ಚು ಕೊಟ್ಟು ಯಾರು ಕುಡಿದಾರು ಎಂಬ ಅನುಮಾನ ಜೊತೆಯವರಿಗೇ ಇತ್ತು. ಆದರೆ ಆಗಷ್ಟೇ, 1995ರ ಆಗಸ್ಟ್‌ನಲ್ಲಿ, ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಸೌಲಭ್ಯ ಬಂದಿತ್ತು. ಕಾಫಿಯ ಜೊತೆಗೆ ಇಂಟರ್ನೆಟ್ಟನ್ನೂ ಇಟ್ಟು ಸಿದ್ಧಾರ್ಥರು ಯುವಜನರನ್ನು ಕರೆದರು. ಅವರು ಮಾರಿದ್ದು ಕಾಫಿಯ ಜೊತೆಗೆ ಕುಳಿತುಕೊಳ್ಳುವ ಅವಕಾಶವನ್ನು. ಎಷ್ಟು ಹೊತ್ತು ಕುಳಿತರೂ ಏಳೆನ್ನುವವರಿಲ್ಲದ ಒಂದು ಮೇಜನ್ನು.

ವಾಚಕರಲ್ಲಿ ಅನೇಕರ ಮನೆಯ ಮಕ್ಕಳು ಆ ಮೇಜುಗಳ ಮುಂದೆ ಕುಳಿತವರೇ. ಪರೀಕ್ಷೆಯ ಓದು, ಕೆಲಸದ ಸಂದರ್ಶನ, ಮದುವೆಗೆ ಮುನ್ನ ಗಂಡು ಹೆಣ್ಣಿನ ಮೊದಲ ಮಾತುಕತೆ, ಹೊಸ ಕಂಪನಿಯ ಮೊದಲ ಲೆಕ್ಕಾಚಾರ ಇವೆಲ್ಲ ಅಲ್ಲಿ ನಡೆದಿವೆ. 2019ರ ವೇಳೆಗೆ ದೇಶದ ಇನ್ನೂರಕ್ಕೂ ಹೆಚ್ಚು ಊರುಗಳಲ್ಲಿ 1,700ಕ್ಕೂ ಮೀರಿ ಕೆಫೆಗಳಿದ್ದುವು. ಆಸ್ಟ್ರಿಯದ ವಿಯೆನ್ನದಲ್ಲಿಯೂ ಒಂದು ಹೆಸರುಗಂಬ ನಿಂತಿತ್ತು.

ಇದರ ಬೇರು ಚಿಕ್ಕಮಗಳೂರಿನಲ್ಲಿಯೇ ಇತ್ತೆಂಬುದು ಮಲೆನಾಡಿನವರ ಅಭಿಮಾನದ ಸಂಗತಿ. ಸ್ವಂತ ತೋಟಗಳ ಬೀಜ, ಸ್ವಂತ ಕ್ಯೂರಿಂಗ್ ವರ್ಕ್ಸ್, ಸ್ವಂತ ಹುರಿಯುವ ಕಾರ್ಖಾನೆ, ಕಾಫಿ ಬೆರೆಸುವ ಸ್ವಂತ ಯಂತ್ರಗಳು. ಕಾಫಿಗೆ ನೆರಳು ಕೊಡುವ ಸಿಲ್ವರ್ ಮರಗಳನ್ನು ಕೊಯ್ದು ಕೆಫೆಗಳ ಮೇಜು ಕುರ್ಚಿಗಳನ್ನೂ ತಾವೇ ಮಾಡಿಸಿದರು. ಚಿಕ್ಕಮಗಳೂರಿನಲ್ಲಿ ತರಬೇತಿ ಸಂಸ್ಥೆಯೊಂದನ್ನು ತೆರೆದು, ಹಳ್ಳಿಯ ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿ ದೂರದೂರದ ಊರುಗಳ ಕೆಫೆಗಳಿಗೆ ಕಳುಹಿಸಿದರು. ಮೂರು ಮೈಲಿ ನಡೆದು ಬಸ್ಸು ಹಿಡಿಯುವ ಮನೆಗಳಿಗೆ ತಿಂಗಳ ಸಂಬಳವೆಂಬುದು ಮೊದಲ ಸಲ ಬಂದದ್ದು ಹೀಗೆ.

ಗಾಜಿನ ಬಾಗಿಲಿನಾಚೆ ಟೊಪ್ಪಿ ತೊಟ್ಟು ಕಾಫಿ ಬೆರೆಸುವ ಹುಡುಗನು ಕನ್ನಡದಲ್ಲಿ, ಅದರಲ್ಲೂ ಮಲೆನಾಡಿನ ಕನ್ನಡದಲ್ಲಿ ಮಾತನಾಡಿದಾಗ ಪ್ರವಾಸಿಗನಿಗೆ ಆಗುತ್ತಿದ್ದ ಆನಂದವನ್ನು ಅನುಭವಿಸಿದವರೇ ಬಲ್ಲರು.

ಒತ್ತೆಯ ಮೇಲೊತ್ತೆ

ಹಾಗಾದರೆ ಎಡವಿದ್ದೆಲ್ಲಿ?

ಕೆಫೆಯ ವ್ಯವಹಾರಕ್ಕೆ ಒಂದು ಗುಣವುಂಟು. ಬಾಡಿಗೆ, ಸಂಬಳ, ವಿದ್ಯುತ್ತಿನ ಖರ್ಚು ದಿನದಿನವೂ ಬರುತ್ತದೆ. ಹಾಕಿದ ಬಂಡವಾಳ ಹಿಂದಿರುಗಲು ವರ್ಷಗಳು ಹಿಡಿಯುತ್ತವೆ. ಇದರ ಜೊತೆಗೆ ಸಿದ್ಧಾರ್ಥರು ಬೆಂಗಳೂರಿನಲ್ಲಿ ತಂತ್ರಜ್ಞಾನ ಕಂಪನಿಗಳಿಗಾಗಿ ವಿಸ್ತಾರವಾದ ಕಟ್ಟಡಗಳ ಸಮುಚ್ಚಯವನ್ನು ಕಟ್ಟಿದರು, ಅತಿಥಿಗೃಹಗಳನ್ನು ನಡೆಸಿದರು, ಸರಕು ಸಾಗಣೆಯ ಕಂಪನಿಯನ್ನು ಕೊಂಡರು, ತೋಟಗಳನ್ನು ಹತ್ತು ಸಾವಿರ ಎಕರೆಗೂ ಮೀರಿ ವಿಸ್ತರಿಸಿದರು. ಪ್ರತಿಯೊಂದೂ ಒಳ್ಳೆಯ ಆಸ್ತಿಯೇ. ಆದರೆ ಪ್ರತಿಯೊಂದರ ಹಿಂದೆಯೂ ಸಾಲವಿತ್ತು.

2015ರ ಅಕ್ಟೋಬರಿನಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ ಕಂಪನಿಯು ಷೇರಿಗೆ 328 ರೂಪಾಯಿಯಂತೆ ಮಾರಿ ಸಾರ್ವಜನಿಕರಿಂದ 1,150 ಕೋಟಿ ರೂಪಾಯಿ ಸಂಗ್ರಹಿಸಿತು. ಪೇಟೆಗೆ ಬಂದ ಮೊದಲ ದಿನವೇ ಷೇರಿನ ಬೆಲೆ ಅದಕ್ಕಿಂತ ಕೆಳಗಿಳಿಯಿತು. ಸಾಲ ತೀರಿಸಲು ಹೊಸ ಸಾಲ, ಆ ಸಾಲಕ್ಕೆ ಒತ್ತೆಯಾಗಿ ಕಂಪನಿಯ ಷೇರು ಎಂಬ ಕ್ರಮ ಬೆಳೆಯುತ್ತ ಹೋಗಿ, 2019ರ ಮಧ್ಯದ ವೇಳೆಗೆ ಸ್ಥಾಪಕರ ಬಳಗದ ಷೇರುಗಳಲ್ಲಿ ಮುಕ್ಕಾಲು ಪಾಲು ಸಾಲ ಕೊಟ್ಟವರ ಬಳಿ ಒತ್ತೆಯಲ್ಲಿತ್ತು.

ಷೇರನ್ನು ಒತ್ತೆಯಿಡುವುದು ಗೃಹಿಣಿಯರು ಬಲ್ಲ ಒಡವೆಯ ಗಿರವಿಯಂತೆಯೇ. ಆದರೆ ಒಡವೆಯ ಬೆಲೆ ಒಂದು ರಾತ್ರಿಯಲ್ಲಿ ಅರ್ಧವಾಗುವುದಿಲ್ಲ. ಷೇರಿನ ಬೆಲೆ ಆಗಬಹುದು. ಬೆಲೆ ಇಳಿದರೆ ಸಾಲ ಕೊಟ್ಟವನು ಇನ್ನಷ್ಟು ಒತ್ತೆ ತಾ ಎನ್ನುತ್ತಾನೆ. ಅದನ್ನು ಕೊಟ್ಟ ಮೇಲೆ ಬೆಲೆ ಮತ್ತೂ ಇಳಿದರೆ ಪುನಃ ಕೊಡಬೇಕು. ಹೀಗೆ ಒಂದು ದಿನ ಪೆಟ್ಟಿಗೆ ಬರಿದಾಗುತ್ತದೆ. ಮೂರರಲ್ಲಿ ಎರಡು ಪಾಲನ್ನು ನಿವೇಶನವಾಗಿ ಬದಿಗಿರಿಸಿ ವ್ಯಾಪಾರಕ್ಕೆ ಇಳಿದಿದ್ದ ಯುವಕನು ಐವತ್ತೊಂಬತ್ತರ ವಯಸ್ಸಿನಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು ಒತ್ತೆಯಿಟ್ಟು ನಿಂತಿದ್ದನು. ಹಿಂದಿರುಗುವ ದಾರಿ ಯಾವಾಗ ಮುಚ್ಚಿತೆಂಬುದು ಬಹುಶಃ ಅವರಿಗೂ ತಿಳಿದಿರಲಾರದು. ಗೆಲುವು ಬಂದಂತೆಲ್ಲ ಮನುಷ್ಯನು ತನ್ನ ಮೊದಲಿನ ಎಚ್ಚರವನ್ನು ಅಂಜುಬುರುಕತನವೆಂದು ಭಾವಿಸತೊಡಗುವುದುಂಟು.

2017ರ ಸೆಪ್ಟೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆಯವರು ಅವರ ಸಂಸ್ಥೆಗಳಲ್ಲಿ ಶೋಧ ನಡೆಸಿದರು. ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿಗೆ ಅದು ಹುಟ್ಟಿದ 1999ರಲ್ಲಿಯೇ ಸಿದ್ಧಾರ್ಥರು ಹಣ ಹೂಡಿದ್ದರು. ಆ ದೂರದೃಷ್ಟಿಯ ಫಲವಾಗಿದ್ದ ಶೇಕಡ 20ಕ್ಕೂ ಹೆಚ್ಚಿನ ಪಾಲನ್ನು 2019ರಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ 3,200 ಕೋಟಿ ರೂಪಾಯಿಗೂ ಮೀರಿದ ಮೊತ್ತಕ್ಕೆ ಮಾರಿದರು. ಅಷ್ಟು ದೊಡ್ಡ ಹಣವೂ ಸಾಲದ ಬಾವಿಯನ್ನು ತುಂಬಲಿಲ್ಲ.

ಒಂಟಿಯಾಗಿ ಹೊತ್ತ ಹೊರೆ

2019ರ ಜುಲೈ 29ರ ಸಂಜೆ ಮಂಗಳೂರಿನ ಹೊರವಲಯದ ನೇತ್ರಾವತಿ ಸೇತುವೆಯ ಬಳಿ ಸಿದ್ಧಾರ್ಥರು ಕಾಣೆಯಾದರು. ಎರಡು ರಾತ್ರಿ ನಾಡೆಲ್ಲ ಕಾತರದಿಂದ ಕಾದಿತು. 31ರ ಬೆಳಗ್ಗೆ ನದಿಯಲ್ಲಿ ಅವರ ದೇಹ ದೊರೆಯಿತು. ಅದೇ ದಿನ ಚಿಕ್ಕಮಗಳೂರಿನಲ್ಲಿ ಜನರು ಸಾಲುಗಟ್ಟಿ ನಿಂತು ಅಂತಿಮ ದರ್ಶನ ಪಡೆದರು. ಚೇತನಹಳ್ಳಿಯ ಕಾಫಿ ತೋಟದಲ್ಲಿ ಅಂತ್ಯಕ್ರಿಯೆ ನಡೆಯಿತು. ಆಗ ಅಸ್ವಸ್ಥರಾಗಿ ಮೈಸೂರಿನ ಆಸ್ಪತ್ರೆಯಲ್ಲಿದ್ದ ತಂದೆ ಗಂಗಯ್ಯ ಹೆಗ್ಡೆಯವರೂ ಮುಂದಿನ ತಿಂಗಳೇ ತೀರಿಕೊಂಡರು.

ಸಿದ್ಧಾರ್ಥರ ಹೆಸರಿನಲ್ಲಿ ಆಡಳಿತ ಮಂಡಳಿಗೆ ಬರೆದ ಪತ್ರವೊಂದು ಆ ದಿನಗಳಲ್ಲಿ ಬೆಳಕಿಗೆ ಬಂದಿತು. ತಾವು ಉದ್ಯಮಿಯಾಗಿ ಸೋತೆನೆಂಬ ನೋವು, ಸಾಲ ಕೊಟ್ಟವರ ಮತ್ತು ತೆರಿಗೆ ಇಲಾಖೆಯ ಒತ್ತಡದ ಮಾತು ಅದರಲ್ಲಿದ್ದುವು. ತಾನು ಕಾನೂನಿನಂತೆಯೇ ನಡೆದುಕೊಂಡುದಾಗಿ ಇಲಾಖೆಯು ಉತ್ತರ ಕೊಟ್ಟಿತು. ಆ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಲಕುವ ಅಂಶ ಬೇರೆಯೇ ಇದೆ. ತಮ್ಮ ವ್ಯವಹಾರಗಳ ವಿಷಯ ಸಹೋದ್ಯೋಗಿಗಳಿಗಾಗಲಿ ಲೆಕ್ಕಪರಿಶೋಧಕರಿಗಾಗಲಿ ತಿಳಿಯದು, ಅದನ್ನು ತಮ್ಮ ಕುಟುಂಬದವರಿಂದಲೂ ಮರೆಮಾಚಿದ್ದೆನು, ಹೊಣೆಯೆಲ್ಲ ತಮ್ಮೊಬ್ಬರದೇ ಎಂಬುದು ಅದರ ತಾತ್ಪರ್ಯ.

2020ರ ಜುಲೈಯಲ್ಲಿ ಹೊರಬಂದ ತನಿಖಾ ವರದಿಯು ಈ ಗುಟ್ಟಿನ ಆಳವನ್ನು ತೋರಿಸಿತು. ಕಂಪನಿಯ ಅಂಗಸಂಸ್ಥೆಗಳಿಗೆ ಸಿದ್ಧಾರ್ಥರ ಕುಟುಂಬದ ಖಾಸಗಿ ತೋಟಗಳ ಸಂಸ್ಥೆಯೊಂದರಿಂದ 3,535 ಕೋಟಿ ರೂಪಾಯಿ ಬರಬೇಕಾಗಿದೆಯೆಂದು ವರದಿ ಹೇಳಿತು. ಷೇರು ಕೊಂಡ ಸಾಮಾನ್ಯ ಜನರ ಹಣವೂ ಅದರಲ್ಲಿ ಸೇರಿತ್ತೆಂಬುದನ್ನು ಮರೆಯಲಾಗದು. ಅಭಿಮಾನವಿದೆಯೆಂದು ಈ ತಪ್ಪನ್ನು ಮುಚ್ಚಬಾರದು. ತಪ್ಪಿದೆಯೆಂದು ಅವರು ಕಟ್ಟಿದ್ದನ್ನು ಅಲ್ಲಗಳೆಯಲೂಬಾರದು.

ಗುಟ್ಟಿನ ಸ್ವಭಾವವೇ ಹಾಗೆ. ಮೊದಲು ನಾವು ಅದನ್ನು ಕಾಯುತ್ತೇವೆ, ಆಮೇಲೆ ಅದು ನಮ್ಮನ್ನು ಕಾಯುತ್ತದೆ. ಲಾಭ ಬಂದಾಗ ಹಂಚಿಕೊಳ್ಳುವುದರಲ್ಲಿ ಸಿದ್ಧಾರ್ಥರು ಉದಾರಿಗಳು. ನಷ್ಟವನ್ನು ಹಂಚಿಕೊಳ್ಳುವ ಔದಾರ್ಯವನ್ನು ಮಾತ್ರ ಅವರು ತಮ್ಮವರಿಗೆ ತೋರಿಸಲಿಲ್ಲ. ಸೋತರೆ ಮನೆಗೆ ಬಾ ಎಂದು ಕರೆದ ತಂದೆಯ ಮಾತು ಏಳೂವರೆ ಲಕ್ಷಕ್ಕೆ ಮಾತ್ರ ಅನ್ವಯಿಸುತ್ತದೆ, ಏಳು ಸಾವಿರ ಕೋಟಿಗೆ ಅನ್ವಯಿಸುವುದಿಲ್ಲವೆಂದು ಮಗನಿಗೆ ತೋರಿತೋ ಏನೋ. ಮನೆಯ ಬಾಗಿಲು ಮೊತ್ತವನ್ನು ಎಣಿಸಿ ತೆರೆಯುವುದಿಲ್ಲ.

ಬೆಳಕಿಗೆ ಬಂದ ಸಾಲ

ಮುಂದಿನ ಅಧ್ಯಾಯ ಅವರ ಪತ್ನಿ ಶ್ರೀಮತಿ ಮಾಳವಿಕಾ ಹೆಗ್ಡೆಯವರದು. ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ದಿವಂಗತ ಎಸ್. ಎಂ. ಕೃಷ್ಣ ಅವರ ಮಗಳಾದ ಈಕೆ 2020ರ ಡಿಸೆಂಬರಿನಲ್ಲಿ ಕಂಪನಿಯ ಮುಖ್ಯ ಕಾರ್ಯನಿರ್ವಾಹಕಿಯ ಹೊಣೆಯನ್ನು ಹೊತ್ತರು. ಗಂಡನನ್ನು ಕಳೆದುಕೊಂಡ ದುಃಖ ಒಂದು ಕಡೆ. ಕೋವಿಡ್ ಪಿಡುಗಿನಿಂದ ಕೆಫೆಗಳಿಗೆ ಬೀಗ ಬಿದ್ದ ಕಾಲ ಇನ್ನೊಂದು ಕಡೆ.

2019ರಲ್ಲಿ ಏಳು ಸಾವಿರ ಕೋಟಿ ದಾಟಿದ್ದ ಬಳಗದ ಸಾಲವು 2021ರ ಮಾರ್ಚ್ ವೇಳೆಗೆ ಎರಡು ಸಾವಿರ ಕೋಟಿಗಿಂತ ಕೆಳಗಿಳಿಯಿತು. ಮಂತ್ರದಿಂದ ಇಳಿಯಲಿಲ್ಲ, ಮಾರಿದ್ದರಿಂದ ಇಳಿಯಿತು. ಮೈಂಡ್‌ಟ್ರೀಯ ಪಾಲು ಮೊದಲೇ ಹೋಗಿತ್ತು. ಬೆಂಗಳೂರಿನ ಕಟ್ಟಡ ಸಮುಚ್ಚಯವನ್ನು ಸುಮಾರು 2,700 ಕೋಟಿ ರೂಪಾಯಿಗೆ ಮಾರಲಾಯಿತು. ನಷ್ಟದ ಕೆಫೆಗಳನ್ನು ಮುಚ್ಚುತ್ತ ಬಂದು, 2023ರ ವೇಳೆಗೆ ಅವು ಐನೂರಕ್ಕಿಂತ ಕೆಳಗಿಳಿದುವು. 2023ರಲ್ಲಿಯೂ 2024ರಲ್ಲಿಯೂ ಸಾಲ ಕೊಟ್ಟವರ ಅರ್ಜಿಗಳ ಮೇಲೆ ಕಂಪನಿಗಳು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯಿತು. ದಾರಿ ಹೂವಿನದಾಗಿರಲಿಲ್ಲ. ಆದರೂ ಅಂಗಡಿಗಳ ದೀಪ ಆರಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮಾರಿದ ಆಸ್ತಿಗಳೆಲ್ಲ ಸಿದ್ಧಾರ್ಥರು ಬದುಕಿದ್ದಾಗಲೂ ಇದ್ದ ಆಸ್ತಿಗಳೇ, ಅವರೇ ಕೂಡಿಸಿದ್ದವು. ಅವರ ಕಣ್ಣಿಗೆ ದಾಟಲಾರದ ಹೊಳೆಯಾಗಿ ತೋರಿದ್ದನ್ನು, ಎಲ್ಲರ ಮುಂದೆ ಲೆಕ್ಕ ಬಿಚ್ಚಿಟ್ಟಾಗ, ಹಲವರು ಸೇರಿ ಮುಕ್ಕಾಲು ಪಾಲು ದಾಟಿದರು. ಕತ್ತಲೆಯಲ್ಲಿ ಹಗ್ಗವೂ ಹಾವಾಗಿ ಕಾಣುತ್ತದೆ. ದೀಪ ತಂದ ಮೇಲೆ ಹಾವನ್ನಾದರೂ ಹೊಡೆಯುವ ಉಪಾಯ ಹೊಳೆಯುತ್ತದೆ.

ಕೊಪ್ಪದ ಬಸ್ಸಿನ ನೆನಪು

ಸೋಲನ್ನು ಹಲವರ ಹೆಗಲ ಮೇಲೆ ಹೊರುವುದು ಹೇಗೆಂಬುದಕ್ಕೆ ಹಿರೇಕೊಡಿಗೆಯ ನೆರೆಯಲ್ಲಿಯೇ ಒಂದು ನಿದರ್ಶನವುಂಟು. ಕೊಪ್ಪದ ಸೀಮೆಯಲ್ಲಿ ಬಸ್ಸು ಓಡಿಸುತ್ತಿದ್ದ ಖಾಸಗಿ ಕಂಪನಿಯೊಂದು ನಿಂತುಹೋದಾಗ, 1991ರಲ್ಲಿ, ಅದರ ಡ್ರೈವರುಗಳೂ ಕಂಡಕ್ಟರುಗಳೂ ಒಂದಾಗಿ ಸಹಕಾರ ಸಾರಿಗೆ ಎಂಬ ಸಂಘವನ್ನು ಕಟ್ಟಿದರು. ಕೆಲವೇ ಬಸ್ಸುಗಳಿಂದ ಆರಂಭವಾದ ಸಂಘವು ಹತ್ತಾರು ಬಸ್ಸುಗಳನ್ನು ಓಡಿಸುವಷ್ಟು ಬೆಳೆದು, ಮಲೆನಾಡಿನ ಒಳದಾರಿಗಳಲ್ಲಿ ಶಾಲೆಯ ಮಕ್ಕಳನ್ನೂ ರೋಗಿಗಳನ್ನೂ ಹೊತ್ತು ತಿರುಗಿತು. ಸಂಬಳ ಪಡೆಯುವವನೇ ಅಲ್ಲಿ ಮಾಲೀಕ.

ಖರ್ಚು ಏರಿ ಆದಾಯ ಸಾಲದೆ 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳೂ ನಿಂತುವು. ಕೊಪ್ಪ, ಶೃಂಗೇರಿಗಳ ಜನರು ಇಂದಿಗೂ ಅದಕ್ಕಾಗಿ ಮರುಗುತ್ತಾರೆ. ಆದರೆ ಸಹಕಾರ ಸಂಘವೆಂದ ಮೇಲೆ ಲೆಕ್ಕವನ್ನು ವರ್ಷಕ್ಕೊಮ್ಮೆ ಸದಸ್ಯರ ಸಭೆಯಲ್ಲಿ ಓದಬೇಕು. ಅಲ್ಲಿಯ ನಷ್ಟವು ಒಬ್ಬನ ಎದೆಯಲ್ಲಿ ಹೂತಿಟ್ಟ ಗುಟ್ಟಾಗಿರಲಿಲ್ಲ. ನೂರಾರು ಮನೆಗಳಲ್ಲಿ ಆಡಿಕೊಂಡ ಕಷ್ಟವಾಗಿತ್ತು. ಸಂಸ್ಥೆ ನಿಂತಿತು, ಮನುಷ್ಯರು ಉಳಿದರು.

ನಮ್ಮ ಮನೆಗಳಿಗೆ

ನಮ್ಮಲ್ಲಿ ಹೆಚ್ಚಿನವರು ಕೋಟಿಗಳ ವ್ಯವಹಾರ ಮಾಡುವವರಲ್ಲ. ಆದರೆ ಮನೆ ಕಟ್ಟಿಸಲು ಸಾಲ, ಮಕ್ಕಳ ಓದಿಗೆ ಸಾಲ, ಸ್ನೇಹಿತನಿಗೆ ಹಾಕಿದ ಜಾಮೀನು, ಬೇಗ ದುಡ್ಡು ಮಾಡುವ ಆಸೆಯಿಂದ ಷೇರಿಗೆ ಹಾಕಿದ ಹಣ, ಮಗನು ಆರಂಭಿಸಿದ ಹೊಸ ಉದ್ಯೋಗ ಇವು ಪ್ರತಿಯೊಂದು ಮನೆಯಲ್ಲಿಯೂ ಇರುವ ಸಂಗತಿಗಳು. ಸಿದ್ಧಾರ್ಥರ ಬಾಳಿನಿಂದ ಇಂಥ ಮನೆಗಳು ಕಲಿಯಬೇಕಾದದ್ದು ಬಹಳವಿದೆ.

ಅವರ ಸಾಹಸವನ್ನು ಕಲಿಯೋಣ. ಬೆಳೆದವನು ಬಟ್ಟಲಿನವರೆಗೂ ಹೋಗಬಲ್ಲನೆಂದು ಅವರು ತೋರಿಸಿಕೊಟ್ಟರು. ಹಳ್ಳಿಯ ಮಕ್ಕಳ ಕೈಗೆ ಕೆಲಸ ಕಲಿಸಿದರೆ ಅವರು ಯಾವ ಪಟ್ಟಣದಲ್ಲಿಯೂ ತಲೆಯೆತ್ತಿ ನಿಲ್ಲಬಲ್ಲರೆಂಬುದನ್ನು ಸಿದ್ಧಮಾಡಿದರು. ಇಂದು ಮಲೆನಾಡಿನ ಎಷ್ಟೋ ಚಿಕ್ಕ ಬೆಳೆಗಾರರು ತಮ್ಮ ತೋಟದ ಹೆಸರಿನಲ್ಲಿಯೇ ಪುಡಿ ಮಾರುವ ಧೈರ್ಯ ಮಾಡುತ್ತಿದ್ದರೆ ಅದರಲ್ಲಿ ಅವರು ಹಾಕಿದ ಮೇಲ್ಪಂಕ್ತಿಯ ಪಾಲೂ ಇದೆ.

ಅವರ ಮೊದಲ ನಿವೇಶನವನ್ನೂ ನೆನೆಯೋಣ. ಹೊಸ ಕೆಲಸಕ್ಕೆ ಹೊರಟ ಮಗನಿಗೂ ಮಗಳಿಗೂ ಹಣ ಕೊಡುವಾಗ, ಮುಟ್ಟಬಾರದ ಪಾಲು ಯಾವುದೆಂದು ಮೊದಲೇ ಗುರುತಿಸಿಡಬೇಕು. ಗೆಲುವು ಎಷ್ಟೇ ಬಂದರೂ ಆ ಪಾಲಿಗೆ ಕೈಹಾಕದಿರುವ ನೇಮವನ್ನು ಹಾಕಿಕೊಳ್ಳಬೇಕು.

ಇವೆರಡಕ್ಕಿಂತಲೂ ಮುಖ್ಯವಾದದ್ದು ಮನೆಯ ಲೆಕ್ಕ ಮನೆಯವರಿಗೆ ತಿಳಿದಿರುವುದು. ಸಾಲದ ಮಾತನ್ನು ಹೆಂಡತಿಯ ಮುಂದೆ ಆಡಿದರೆ ಗಂಡಸುತನ ಕುಂದುವುದಿಲ್ಲ. ಬೆಳೆದ ಮಕ್ಕಳ ಮುಂದೆ ಆಡಿದರೆ ಹಿರಿತನ ಕಡಮೆಯಾಗುವುದಿಲ್ಲ. ಮಾಳವಿಕಾ ಅವರ ನಿದರ್ಶನ ನೋಡಿದರೆ, ನಾವು ಯಾರಿಂದ ಕಷ್ಟವನ್ನು ಬಚ್ಚಿಡುತ್ತೇವೆಯೋ ಅವರೇ ಅದನ್ನು ನಮಗಿಂತ ಚೆನ್ನಾಗಿ ಹೊರಬಲ್ಲವರಾಗಿರಬಹುದು. ಯಾರೊಬ್ಬರು ರಾತ್ರಿ ನಿದ್ದೆಗೆಟ್ಟು, ಮಾತು ಬಿಟ್ಟು, ಒಳಗೊಳಗೇ ಕುಗ್ಗುತ್ತಿದ್ದರೆ ಮನೆಯವರು ಅದನ್ನು ಗೌರವದ ಮೌನವೆಂದು ತಿಳಿದು ಸುಮ್ಮನಿರಬಾರದು. ಪಕ್ಕದಲ್ಲಿ ಕುಳಿತು ಕೇಳಬೇಕು. ಉತ್ತರ ಬಾರದಿದ್ದರೆ ಮತ್ತೆ ಕೇಳಬೇಕು. ಅಗತ್ಯವಾದರೆ ವೈದ್ಯರ ನೆರವನ್ನೂ ಪಡೆಯಬೇಕು.

ಹಿರೇಕೊಡಿಗೆಯ ಕಣಗಳಲ್ಲಿ ಈ ಸಲವೂ ಹಣ್ಣು ಒಣಗುತ್ತದೆ. ಸಂಜೆ ಇಬ್ಬನಿ ಬೀಳುವ ಮೊದಲು ಮನೆಮಂದಿಯೆಲ್ಲ ಸೇರಿ ಅದನ್ನು ಬಳಿದು ರಾಶಿಮಾಡಿ ಮುಚ್ಚುತ್ತಾರೆ. ಅಜ್ಜಿ ಒಂದು ಮೂಲೆ ಹಿಡಿದರೆ ಮೊಮ್ಮಗು ಇನ್ನೊಂದು ಮೂಲೆ ಹಿಡಿಯುತ್ತದೆ. ಬೆಳೆಯನ್ನು ಕಾಯಲು ಕೈಗೂಡಿಸುವ ಮನೆಗೆ ಸಾಲದ ಲೆಕ್ಕವನ್ನು ಹೇಳಲು ಸಂಕೋಚವೇಕೆ? ರಾಶಿ ಮುಚ್ಚಿ ಒಳಗೆ ಬಂದ ಮೇಲೆ, ಬೆಲ್ಲದ ಕಾಫಿಯ ಲೋಟ ಕೈಗೆ ಬಂದ ಹೊತ್ತಿನಲ್ಲಿ, ಯಜಮಾನನು ಆ ಮಾತನ್ನೊಮ್ಮೆ ತೆಗೆಯಲಿ.